ನಾಣ್ಯವು ಮುಡಿಯೇರಿದ ಬಗೆ

ಒಂದು ಬೆಳ್ಳಿಯ ನಾಣ್ಯವನ್ನು ನಿಮ್ಮ ಅಂಗೈಯ ಮೇಲೆ ಇಟ್ಟುಕೊಂಡಂತೆ ಭಾವಿಸಿಕೊಳ್ಳಿ. ಅದರ ಅಗಲ ಸುಮಾರು 4 ಸೆಂಟಿಮೀಟರ್, ತೂಕ 28 ಗ್ರಾಮಿಗಿಂತ ತುಸು ಹೆಚ್ಚು. ಒಂದು ಮಗ್ಗುಲಲ್ಲಿ ನಡುವಯಸ್ಸು ದಾಟಿದ ಸ್ತ್ರೀಯೊಬ್ಬಳ ಮುಖವಿದೆ. ತಲೆಯ ಹಿಂಭಾಗದಿಂದ ವಿಧವೆಯ ಮುಸುಕು ಇಳಿಬಿದ್ದಿದೆ. ಮುಂಭಾಗದಲ್ಲಿ ಮುತ್ತುಗಳನ್ನು ಕೂರಿಸಿದ ಪಟ್ಟಿಯೊಂದು ಕೂದಲನ್ನು ಹಿಡಿದು ನಿಲ್ಲಿಸಿದೆ. ಇನ್ನೊಂದು ಮಗ್ಗುಲಲ್ಲಿ ಎರಡು ತಲೆಯ ಹದ್ದು. ಸುತ್ತಲೂ ಲತೀನ್ ಅಕ್ಷರಗಳು. ಗುರುಮಠದಲ್ಲಿ ಲತೀನ್ ಕಲಿತವರಿಗೆ ಅವುಗಳ ಅರ್ಥ ಬಿಡಿಸುವುದು ಕಷ್ಟವಲ್ಲ: ಈಕೆ ಮರಿಯ ತೆರೇಸಾ; ದೇವರ ಕೃಪೆಯಿಂದ ಸಾಮ್ರಾಜ್ಞಿ; ಹಂಗೇರಿ ಮತ್ತು ಬೊಹೆಮಿಯ ದೇಶಗಳ ರಾಣಿ. ನಾಣ್ಯವನ್ನು ಓರೆಯಾಗಿ ಹಿಡಿದರೆ ಅಂಚಿನಲ್ಲಿಯೂ ಎರಡು ಪದಗಳು ಕಾಣಿಸುತ್ತವೆ: 'ನ್ಯಾಯ ಮತ್ತು ದಯೆ.'

ಈ ರಾಣಿ ಹುಟ್ಟಿದ್ದು 1717ರಲ್ಲಿ, ತೀರಿಕೊಂಡದ್ದು 1780ರಲ್ಲಿ. ಹದಿನಾರು ಮಕ್ಕಳ ತಾಯಿ. ಆಫ್ರಿಕ ಖಂಡವನ್ನು ಆಕೆ ಎಂದೂ ಕಂಡವಳಲ್ಲ. ಆದರೆ ಆಕೆಯ ಮರಣಾನಂತರವೂ, 1780 ಎಂಬ ಅದೇ ಇಸವಿಯನ್ನು ಹೊತ್ತು, ಆಕೆಯ ನಾಣ್ಯ ಕೋಟಿಗಟ್ಟಲೆ ಅಚ್ಚಾಗುತ್ತಲೇ ಹೋಯಿತು. ಕೆಂಪು ಸಮುದ್ರದ ಇಕ್ಕೆಲಗಳ ವ್ಯಾಪಾರಿಗಳು ಬೇರೆ ನಾಣ್ಯವನ್ನು ನಂಬುತ್ತಿರಲಿಲ್ಲ. ಇಥಿಯೋಪ್ಯದ ಹಳ್ಳಿಯವರು ರಾಣಿಯ ತಲೆಪಟ್ಟಿಯ ಮುತ್ತುಗಳನ್ನು ಬೆರಳಿಟ್ಟು ಎಣಿಸಿ, ಲೆಕ್ಕ ಸರಿಯಿದ್ದರೆ ಮಾತ್ರ ನಾಣ್ಯವನ್ನು ಸ್ವೀಕರಿಸುತ್ತಿದ್ದರು. ವಿಯೆನ್ನಾ, ರೋಮ್, ಲಂಡನ್, ಪ್ಯಾರಿಸ್ ನಗರಗಳ ಟಂಕಸಾಲೆಗಳಲ್ಲಿ ಅದು ಅಚ್ಚಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940 ಮತ್ತು 1941ರಲ್ಲಿ, ನಮ್ಮ ಮುಂಬಯಿಯ ಟಂಕಸಾಲೆಯಲ್ಲಿಯೂ ಅಚ್ಚಾಯಿತು. ಇಥಿಯೋಪ್ಯದಲ್ಲಿ 1945ರ ಹಣಕಾಸು ಸುಧಾರಣೆಯವರೆಗೂ ಅದು ಚಲಾವಣೆಯಲ್ಲಿತ್ತು. ಅಲ್ಲಿನ ಅಮ್ಹಾರಿಕ್ ಭಾಷೆಯಲ್ಲಿ ಬೆಳ್ಳಿಗೆ 'ಬಿರ್' ಎನ್ನುತ್ತಾರೆ. ಇಂದಿಗೂ ಆ ದೇಶದ ಹಣದ ಹೆಸರು ಅದೇ.

ಇಷ್ಟು ಪೀಠಿಕೆಗೆ ಕಾರಣವಿದೆ. ಇಥಿಯೋಪ್ಯದ ಸ್ತ್ರೀಯರು ತಮ್ಮ ಹೆಣೆದ ಕೂದಲಿಗೆ ಚುಚ್ಚಿಕೊಳ್ಳುತ್ತಿದ್ದ ಬೆಳ್ಳಿಕಡ್ಡಿಗಳ ವಿಷಯವನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂಬುದು ನನ್ನ ಆಶಯ. ಆ ನಾಡಿನಲ್ಲಿ ಚಿನ್ನ ದೊರೆಯುತ್ತದೆ. ಬೆಳ್ಳಿ ಮಾತ್ರ ಬಹುಮಟ್ಟಿಗೆ ಹೊರಗಿನಿಂದ ಬಂದದ್ದು. ನಾಲ್ಕನೆಯ ಶತಮಾನದಲ್ಲಿ ಅಕ್ಸೂಮಿನ ಅರಸ ಎಜಾನ ಕ್ರೈಸ್ತ ವಿಶ್ವಾಸವನ್ನು ಸ್ವೀಕರಿಸಿ, ಶಿಲುಬೆಯ ಗುರುತುಳ್ಳ ನಾಣ್ಯಗಳನ್ನು ಹೊರಡಿಸಿದ. ಜಗತ್ತಿನಲ್ಲಿಯೇ ಶಿಲುಬೆಯನ್ನು ಹೊತ್ತ ಮೊದಮೊದಲ ನಾಣ್ಯಗಳಲ್ಲಿ ಅವೂ ಸೇರಿವೆ. ಮುಂದೆ ಆ ಟಂಕಸಾಲೆ ನಿಂತುಹೋಯಿತು. ಶತಮಾನಗಳ ಕಾಲ ಉಪ್ಪಿನ ಗಟ್ಟಿಯೇ ಅಲ್ಲಿ ಹಣವಾಗಿತ್ತು. ತರುವಾಯ ಮರಿಯ ತೆರೇಸಾಳ ನಾಣ್ಯ ಬಂದಾಗ ಅಲ್ಲಿನ ಅಕ್ಕಸಾಲಿಗರಿಗೆ ಬೆಳ್ಳಿಯ ಗಣಿಯೇ ಕೈಗೆ ಬಂದಂತಾಯಿತು. ಕತ್ತಿನ ಶಿಲುಬೆ, ಉಂಗುರ, ಕಾಲ್ಗಡಗ, ತಾಯಿತದ ಕರಡಿಗೆ, ಕಿವಿಯ ಕುಗ್ಗೆ ತೆಗೆಯುವ ಪುಟ್ಟ ಚಮಚ, ಕೂದಲ ಕಡ್ಡಿ, ಹೀಗೆ ಎಲ್ಲವೂ ಈ ನಾಣ್ಯ ಕರಗಿ ಹುಟ್ಟಿದವು.

ಅದನ್ನು ಮಾಡುವ ಬಗೆಯನ್ನು ಸ್ವಲ್ಪ ಗಮನಿಸೋಣ. ಅಕ್ಕಸಾಲಿಗ ನೆಲದ ಮೇಲೆ ಕುಳಿತು, ತಿದಿಯೊತ್ತಿ ಇದ್ದಿಲನ್ನು ಕೆಂಡವಾಗಿಸುತ್ತಾನೆ. ಅಪ್ಪಟ ಬೆಳ್ಳಿ ಕರಗಬೇಕಾದರೆ ಸುಮಾರು 962 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಈ ನಾಣ್ಯದ ಸಾವಿರ ಪಾಲಿನಲ್ಲಿ 833 ಪಾಲು ಮಾತ್ರ ಬೆಳ್ಳಿ, ಉಳಿದದ್ದು ತಾಮ್ರವಾದ್ದರಿಂದ ಅದು ಅದಕ್ಕಿಂತ ಕಡಿಮೆ ಕಾವಿಗೇ ಮೂಸೆಯಲ್ಲಿ ನೀರಾಗುತ್ತದೆ. ರಾಣಿಯ ಮುಖ, ಹದ್ದಿನ ರೆಕ್ಕೆ, ದೇವರ ಕೃಪೆಯ ಅಕ್ಷರ, ಎಲ್ಲವೂ ಒಂದಾಗಿ ಮಿನುಗುವ ಹನಿಯಾಗುತ್ತವೆ. ಅದನ್ನು ಸಲಾಕೆಯಾಗಿ ಎರೆದು, ಬಡಿದು, ಉಕ್ಕಿನ ಹಲಗೆಯ ರಂಧ್ರಗಳಲ್ಲಿ ಒಂದರ ನಂತರ ಒಂದರಂತೆ, ದೊಡ್ಡದರಿಂದ ಸಣ್ಣದಕ್ಕೆ ಎಳೆದರೆ ತಂತಿ ಸಿದ್ಧ. ಎರಡು ಎಳೆಗಳನ್ನು ಹುರಿಗೊಳಿಸಿ ಚಪ್ಪಟೆ ಮಾಡಿದರೆ ಅಂಚಿಗೆ ಹಗ್ಗದ ನೇಯ್ಗೆಯಂಥ ವಿನ್ಯಾಸ ದೊರೆಯುತ್ತದೆ. ತಂತಿಯ ಸಣ್ಣ ತುಣುಕುಗಳನ್ನು ಇದ್ದಿಲಿನ ಮೇಲಿಟ್ಟು ಕಾಯಿಸಿದರೆ ಅವು ತಾವಾಗಿಯೇ ಮುದುಡಿ ಉರುಟಾದ ರವೆಗಳಾಗುತ್ತವೆ. ಕಡ್ಡಿಯ ತಲೆಗೆ ಎರಡು ಬಟ್ಟಲುಗಳನ್ನು ಬಾಯಿಗೆ ಬಾಯಿ ಕೂಡಿಸಿ ಟೊಳ್ಳು ಗುಂಡು ಮಾಡಿ, ಅದರ ಮೇಲೆ ಹುರಿತಂತಿಯನ್ನೂ ರವೆಗಳನ್ನೂ ಬೇಗ ಕರಗುವ ಬೆಳ್ಳಿಯಿಂದ ಬೆಸೆಯುತ್ತಾನೆ. ಇಲ್ಲಿಯೇ ಅವನ ಪರೀಕ್ಷೆ. ಬೆಸುಗೆ ಕರಗಬೇಕು, ರವೆ ಕರಗಬಾರದು. ಈ ಎರಡರ ನಡುವಿನ ಅಂತರ ಕೆಲವೇ ಡಿಗ್ರಿಗಳದು. ಅವನ ಬಳಿ ಕಾವನ್ನು ಅಳೆಯುವ ಉಪಕರಣವಿರಲಿಲ್ಲ. ಲೋಹದ ಬಣ್ಣವನ್ನು ನೋಡಿಯೇ ಉಸಿರು ಬಿಗಿಹಿಡಿದು ನಿರ್ಣಯಿಸುತ್ತಿದ್ದ. ಪ್ರವಾದಿ ಮಲಾಕಿಯ ಗ್ರಂಥದಲ್ಲಿ ಬೆಳ್ಳಿಯನ್ನು ಶುದ್ಧಿಮಾಡುವವನು ಕುಳಿತುಕೊಂಡಿರುವನೆಂಬ ಚಿತ್ರಣವಿದೆ. ಅವನೇಕೆ ಕುಳಿತಿರಬೇಕೆಂದು ಯೋಚಿಸಿದ್ದೀರಾ? ಬೆಂಕಿಯ ಮೇಲಿಂದ ಕ್ಷಣಮಾತ್ರವೂ ಕಣ್ಣು ತೆಗೆಯಲಾಗದ ಕಸುಬು ಅದು.

ಇನ್ನು ಆ ಕಡ್ಡಿಗಳು ಏರುತ್ತಿದ್ದ ತಲೆಗಳ ಮಾತು. ಉತ್ತರ ಇಥಿಯೋಪ್ಯದ ಟಿಗ್ರಾಯ್ ಮತ್ತು ಅಮ್ಹಾರ ಸೀಮೆಗಳಲ್ಲಿ ಸ್ತ್ರೀಯರು ಕೂದಲನ್ನು ನೆತ್ತಿಗೆ ಅಂಟಿದಂತೆ ಸಣ್ಣ ಸಣ್ಣ ಸಾಲುಗಳಾಗಿ ಹೆಣೆದು, ಕತ್ತಿನ ಬಳಿ ಹರಡಿ ಬಿಡುತ್ತಾರೆ. ಆ ಹೆಣಿಗೆಗೆ 'ಶುರುಬಾ' ಎಂದು ಹೆಸರು. ಅದಕ್ಕೆ ಬೆಣ್ಣೆ ಹಚ್ಚುವ ವಾಡಿಕೆಯೂ ಇದೆ. ಒಬ್ಬಳ ತಲೆಯನ್ನು ಇನ್ನೊಬ್ಬಳು ಗಂಟೆಗಟ್ಟಲೆ ಕುಳಿತು ಹೆಣೆಯಬೇಕಾದ್ದರಿಂದ ತಾಯಿ ಮಗಳ, ಅಕ್ಕ ತಂಗಿಯರ ಮಾತುಕತೆಗೆ ಅದೇ ಸಮಯ. ಬೆಳ್ಳಿಕಡ್ಡಿಗಳು ಕಾಣಿಸಿಕೊಳ್ಳುತ್ತಿದ್ದುದು ಮದುವೆಯಲ್ಲಿ, ಹಬ್ಬಗಳಲ್ಲಿ. ಕ್ರೈಸ್ತರು ಮಾತ್ರ ಅವನ್ನು ಧರಿಸುತ್ತಿದ್ದರೆಂದು ತಿಳಿಯಬೇಡಿ. ಹರಾರ್, ವೊಲ್ಲೊ ಮುಂತಾದ ಕಡೆಗಳ ಮುಸ್ಲಿಂ ಸ್ತ್ರೀಯರ ಬೆಳ್ಳಿಯೂ ಇದೇ ನಾಣ್ಯದಿಂದ, ಇಂಥವೇ ಕೈಗಳಿಂದ ಬಂದದ್ದು.

ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬವನ್ನು ನಾವು ಆಗಸ್ಟ್ 15ರಂದು ಆಚರಿಸುತ್ತೇವಷ್ಟೆ. ಇಥಿಯೋಪ್ಯದ ಪಂಚಾಂಗದಂತೆ ಅಲ್ಲಿ ಅದು ಆಗಸ್ಟ್ 22ಕ್ಕೆ ಬರುತ್ತದೆ. ಅದಕ್ಕೆ ಮುಂಚೆ ಹದಿನೈದು ದಿನಗಳ ಉಪವಾಸ. ಉಪವಾಸ ಮುಗಿದೊಡನೆ ಟಿಗ್ರಾಯ್ ಸೀಮೆಯಲ್ಲಿ 'ಅಶೆಂದಾ' ಹಬ್ಬ. ಅಶೆಂದಾ ಎಂದರೆ ಒಂದು ಬಗೆಯ ಉದ್ದನೆಯ ಹಸಿರು ಹುಲ್ಲು. ಹೆಣ್ಣುಮಕ್ಕಳು ಅದನ್ನು ಸೊಂಟಕ್ಕೆ ಕಟ್ಟಿಕೊಂಡು, ಹೊಸದಾಗಿ ತಲೆ ಹೆಣೆಸಿಕೊಂಡು, ಮನೆಯಲ್ಲಿರುವ ಒಡವೆಗಳನ್ನೆಲ್ಲ ತೊಟ್ಟು, ತಮಟೆ ಬಾರಿಸಿ ಹಾಡುತ್ತಾ ಊರೆಲ್ಲ ಸುತ್ತುತ್ತಾರೆ. ವರ್ಷವಿಡೀ ನೀರು ಹೊತ್ತ, ಸೌದೆ ಹೊತ್ತ ತಲೆಗಳು ಆ ಕೆಲವು ದಿನ ಒಡವೆಯನ್ನು ಮಾತ್ರ ಹೊರುತ್ತವೆ.

ನಾನು ಉನ್ನತ ವ್ಯಾಸಂಗಕ್ಕಾಗಿ ರೋಮಿನಲ್ಲಿದ್ದ ವರ್ಷಗಳಲ್ಲಿ ಟಿಗ್ರಾಯ್ ಸೀಮೆಯ ಯಾಜಕರೊಬ್ಬರು ನನ್ನ ಸಹಪಾಠಿಯಾಗಿದ್ದರು. ಅವರಲ್ಲಿ ಯಾಜಕರನ್ನು 'ಅಬ್ಬಾ' ಎಂದು ಕರೆಯುತ್ತಾರೆ. ನಾನೂ ಹಾಗೆಯೇ ಕರೆಯುತ್ತಿದ್ದೆ. ವ್ಯಾಟಿಕನ್ನಿನ ಗೋಡೆಗಳ ಒಳಗೇ ಇರುವ ಇಥಿಯೋಪ್ಯದ ಗುರುಮಠದಲ್ಲಿ ಅವರ ವಾಸ. ಒಂದು ಸಂಜೆ ನಡೆದಾಡುತ್ತಿದ್ದಾಗ ನಮ್ಮ ಮಾತು ಅವರವರ ತಾಯಂದಿರ ಕಡೆಗೆ ತಿರುಗಿತು. ಅವರ ತಾಯಿಯ ಮುಡಿಯಲ್ಲಿ ಎರಡು ಬೆಳ್ಳಿಕಡ್ಡಿಗಳಿದ್ದವಂತೆ. ಬೈತಲೆ ತೆಗೆಯುವುದಕ್ಕೂ ಅವೇ, ಹಬ್ಬದ ದಿನ ಸಿಂಗಾರಕ್ಕೂ ಅವೇ. ಬಾಲಕನಾಗಿದ್ದಾಗ ಪೂಜೆಯ ಹೊತ್ತಿನಲ್ಲಿ ತಾಯಿಯ ಬೆನ್ನ ಹಿಂದೆ ನಿಂತು ಆ ಕಡ್ಡಿಯ ಗುಂಡಿನ ಮೇಲಿನ ರವೆಗಳನ್ನು ಎಣಿಸುವುದೇ ತನ್ನ ಭಕ್ತಿಯಾಗಿತ್ತೆಂದು ಅಬ್ಬಾ ನಕ್ಕರು. ಬಳಿಕ ನಗು ನಿಂತಿತು. 1984ರ ಬರಗಾಲ ಬಂತು. ಕೊರೆಂ ಶಿಬಿರದ ದೃಶ್ಯಗಳನ್ನು ಆ ವರ್ಷದ ಅಕ್ಟೋಬರಿನಲ್ಲಿ ಜಗತ್ತೆಲ್ಲ ದೂರದರ್ಶನದಲ್ಲಿ ಕಂಡಿತು. ಅದಕ್ಕೂ ಮೊದಲೇ ಅವರ ಮನೆಯ ಎತ್ತು ಹೋಗಿತ್ತು, ಬಿತ್ತನೆಯ ಧಾನ್ಯ ಹೋಗಿತ್ತು. ಕೊನೆಗೆ ತಾಯಿ ಮುಡಿಯಿಂದ ಆ ಎರಡು ಕಡ್ಡಿಗಳನ್ನು ಕಿತ್ತು, ಸೆರಗಿನ ಅಂಚಿನಿಂದ ಒರೆಸಿ, ವ್ಯಾಪಾರಿಯ ತಕ್ಕಡಿಯಲ್ಲಿಟ್ಟರು.

"ಅಮ್ಮನ ಕಡ್ಡಿಗಳನ್ನು ನಾವು ಹನ್ನೊಂದು ದಿನ ಉಂಡೆವು" ಎಂದರು ಅಬ್ಬಾ. ಅವರ ಇಟಾಲಿಯನ್ ಭಾಷೆ ಹರುಕುಮುರುಕಾಗಿತ್ತು. ಮಾತನ್ನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ನಾನು ಅವರ ಮುಖ ನೋಡಿದೆ. ಅವರು ಅದನ್ನೇ ಮತ್ತೊಮ್ಮೆ ಹೇಳಿದರು.

ಸಂತ ಲೂಕನ ಶುಭಸಂದೇಶದ ಹದಿನೈದನೆಯ ಅಧ್ಯಾಯದಲ್ಲಿ ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಸ್ತ್ರೀಯ ಸಾಮತಿ ನಿಮಗೆಲ್ಲ ತಿಳಿದಿದೆ. ಆಕೆ ದೀಪ ಹಚ್ಚುತ್ತಾಳೆ, ಮನೆ ಗುಡಿಸುತ್ತಾಳೆ, ಸಿಕ್ಕಾಗ ನೆರೆಹೊರೆಯವರನ್ನು ಕರೆದು ಸಂಭ್ರಮಿಸುತ್ತಾಳೆ. ಆ ಹತ್ತು ನಾಣ್ಯಗಳು ಆಕೆಯ ತಲೆಯ ಸಿಂಗಾರಕ್ಕೆ ಹೊಲಿದಿದ್ದ, ಮದುವೆಯಲ್ಲಿ ಬಂದ ಸ್ತ್ರೀಧನವಾಗಿದ್ದಿರಬೇಕೆಂದು ಕೆಲವು ವ್ಯಾಖ್ಯಾನಕಾರರು ಹೇಳುತ್ತಾರೆ. ಅದನ್ನು ಗುರುಮಠದ ತರಗತಿಯಲ್ಲಿ ಕೇಳಿದಾಗ ಪರೀಕ್ಷೆಗೆ ಬೇಕಾದ ಒಂದು ಟಿಪ್ಪಣಿಯಷ್ಟೇ ಆಗಿ ಅದು ಉಳಿದಿತ್ತು. ಅಬ್ಬಾ ಅವರ ಮಾತಿನ ನಂತರ ಆ ಸಾಮತಿಯನ್ನು ಓದುವಾಗಲೆಲ್ಲ ಒಬ್ಬ ನಿಜವಾದ ತಾಯಿ ಕಣ್ಣ ಮುಂದೆ ನಿಲ್ಲುತ್ತಾಳೆ. ಬ್ಯಾಂಕಿಲ್ಲದ ಊರಿನಲ್ಲಿ, ಹೊಲ ಗಂಡನ ಹೆಸರಿನಲ್ಲಿರುವ ಮನೆಯಲ್ಲಿ, ಹೆಣ್ಣಿನ ಸ್ವಂತದ್ದೆಂಬುದು ಅವಳ ಮೈಮೇಲಿನ ಬೆಳ್ಳಿ ಮಾತ್ರ. ಅದು ಅವಳ ಕಣಜ. ಒಂದು ನಾಣ್ಯ ಕಳೆದರೆ ಮಕ್ಕಳ ಕೆಲವು ದಿನಗಳ ಅನ್ನ ಕಳೆದಂತೆ.

ಹಾಗಾದರೆ ಸಂತ ಪೇತ್ರ ಮತ್ತು ಸಂತ ಪೌಲರು ತಮ್ಮ ಪತ್ರಗಳಲ್ಲಿ ಜಡೆ ಹೆಣೆಯುವುದರ, ಬಂಗಾರ ತೊಡುವುದರ ವಿಷಯವಾಗಿ ಸ್ತ್ರೀಯರಿಗೆ ಎಚ್ಚರಿಕೆ ನೀಡಿಲ್ಲವೇ ಎಂದು ನೀವು ಕೇಳಬಹುದು. ನೀಡಿದ್ದಾರೆ. ಸಭೆಗೆ ಬಂದ ಬಡವಳ ಮುಂದೆ ಸಿರಿವಂತೆ ತನ್ನ ತಲೆಯ ಸಿಂಗಾರವನ್ನು ಮೆರೆಸುವ ಅಪಾಯ ಅವರ ಕಾಲದಲ್ಲಿಯೂ ಇತ್ತು, ನಮ್ಮ ಕಾಲದ ಮದುವೆ ಮಂಟಪಗಳಲ್ಲಿಯೂ ಇದೆ. ಅಂತರಂಗದ ಸೌಂದರ್ಯವೇ ದೇವರ ದೃಷ್ಟಿಯಲ್ಲಿ ಅಮೂಲ್ಯವೆಂಬ ಅವರ ಬೋಧನೆಯನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ಒಡವೆಯ ಬಗೆಗೆ ಉಪದೇಶ ಮಾಡುವ ಯಾಜಕನೂ, ಮಡದಿಯ ಒಡವೆಯ ಆಸೆಯನ್ನು ಹಾಸ್ಯ ಮಾಡುವ ಪತಿಯೂ, ಆ ಹೆಣ್ಣಿಗೆ ಬೇರೇನು ಆಸರೆಯಿದೆ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು. ಆಸರೆಯೆಲ್ಲವನ್ನೂ ಕಿತ್ತುಕೊಂಡು, ಉಳಿದ ಒಂದು ಎಳೆ ಬೆಳ್ಳಿಯನ್ನು ಆಡಂಬರವೆಂದು ಕರೆಯುವುದು ಧರ್ಮವಾಗಲಾರದು.

ಹೆಣ್ಣಿಗೆ ಆಸರೆಯಾದ ಆ ಕಡ್ಡಿಯನ್ನು ಮಾಡಿಕೊಟ್ಟವನಿಗೆ ಸಮಾಜ ಏನು ಕೊಟ್ಟಿತು? ಹಳೆಯ ಇಥಿಯೋಪ್ಯದಲ್ಲಿ ಕೈಕಸುಬಿನವರಿಗೆ ಗೌರವವಿರಲಿಲ್ಲ. ಬೆಂಕಿಯೊಡನೆ ಕೆಲಸ ಮಾಡುವ ಕಮ್ಮಾರನನ್ನು 'ಬುದಾ', ಅಂದರೆ ಕೆಟ್ಟ ಕಣ್ಣಿನವನು ಎಂದು ಕರೆದರು. ಅವನು ರಾತ್ರಿ ಹೊತ್ತು ಕತ್ತೆಕಿರುಬನ ರೂಪ ತಾಳುತ್ತಾನೆಂದು ನಂಬಿದರು. ಅವನ ಮನೆಯೊಡನೆ ಕೊಡುಕೊಳ್ಳುವಿಕೆಯಿರಲಿಲ್ಲ. ಬೆಳ್ಳಿ ಬಂಗಾರದ ಕೆಲಸದವನ ಸ್ಥಿತಿ ಅಷ್ಟು ಕೀಳಾಗಿರದಿದ್ದರೂ ಕುಲೀನರ ಪಂಕ್ತಿಯಲ್ಲಿ ಅವನಿಗೂ ಸ್ಥಳವಿರಲಿಲ್ಲ. ಕಮ್ಮಾರಿಕೆ, ಕುಂಬಾರಿಕೆ, ನೇಯ್ಗೆಗಳಲ್ಲಿ ತೊಡಗಿದ್ದ ಬೆಟಾ ಇಸ್ರಾಯೇಲ್ ಎಂಬ ಯೆಹೂದ್ಯ ಸಮುದಾಯ ಈ ತಿರಸ್ಕಾರವನ್ನು ತಲೆಮಾರುಗಳ ಕಾಲ ಉಂಡಿತು. 1991ರ ಮೇ ತಿಂಗಳಿನಲ್ಲಿ ಒಂದೂವರೆ ದಿನದೊಳಗೆ ಅವರಲ್ಲಿ 14,000ಕ್ಕೂ ಹೆಚ್ಚು ಮಂದಿ ವಿಮಾನವೇರಿ ಇಸ್ರಾಯೇಲಿಗೆ ಹೊರಟುಹೋದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚಕ್ರವರ್ತಿ ಎರಡನೆಯ ಮೆನೆಲಿಕ್ ಕಸುಬುದಾರರನ್ನು ಹೀಗಳೆಯಬಾರದೆಂದು ಆಜ್ಞೆ ಹೊರಡಿಸಬೇಕಾಯಿತೆಂದರೆ ಆ ಹೀಗಳಿಕೆ ಎಷ್ಟು ಆಳವಾಗಿತ್ತೆಂಬುದನ್ನು ಊಹಿಸಬಹುದು.

ಪವಿತ್ರ ಬೈಬಲಿನ ದೃಷ್ಟಿಯೇ ಬೇರೆ. ವಿಮೋಚನಕಾಂಡದಲ್ಲಿ ದೇವರು ತಮ್ಮ ಆತ್ಮವನ್ನು ತುಂಬಿ ಹೆಸರು ಹಿಡಿದು ಕರೆದ ಬೆಚಲೇಲನು ಯಾಜಕನಲ್ಲ, ಪ್ರವಾದಿಯಲ್ಲ. ಚಿನ್ನ, ಬೆಳ್ಳಿ, ತಾಮ್ರದ ಕೆಲಸಗಾರ. ಅವನ ತಂದೆಯ ಹೆಸರು, ತಾತನ ಹೆಸರು, ಕುಲದ ಹೆಸರು ಎಲ್ಲವೂ ಅಲ್ಲಿ ದಾಖಲಾಗಿವೆ. ಇಥಿಯೋಪ್ಯದ ಬೆಳ್ಳಿಕಡ್ಡಿಗಳು ಇಂದು ಯೂರೋಪಿನ ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಹಿಂದೆ ಮಲಗಿವೆ. ಚೀಟಿಯಲ್ಲಿ ಲೋಹದ ಹೆಸರಿರುತ್ತದೆ, ಸೀಮೆಯ ಹೆಸರಿರುತ್ತದೆ, ದಾನವಿತ್ತವರ ಹೆಸರೂ ಇರುತ್ತದೆ. ಮಾಡಿದವನ ಹೆಸರು ಇರುವುದು ಬಲು ಅಪರೂಪ.

ಅಲ್ಲಿಗೆ ಹೋದ ವಸ್ತುಗಳೆಲ್ಲ ಕೊಂಡು ತಂದವುಗಳೂ ಅಲ್ಲ. 1868ರಲ್ಲಿ ಮುಂಬಯಿ ಸೇನೆಯ ದಂಡನಾಯಕ ರಾಬರ್ಟ್ ನೇಪಿಯರ್ ಸುಮಾರು 13,000 ಬ್ರಿಟಿಷ್ ಮತ್ತು ಭಾರತೀಯ ಸೈನಿಕರನ್ನೂ ಭಾರತದ 44 ಆನೆಗಳನ್ನೂ ಕರೆದೊಯ್ದು ಚಕ್ರವರ್ತಿ ತೆವೊದ್ರೋಸನ ಮಕ್ದಲ ಕೋಟೆಯನ್ನು ಹಿಡಿದ. ದಾರಿಯ ಖರ್ಚಿಗೆ ಆ ಸೇನೆಯೂ ಮರಿಯ ತೆರೇಸಾಳ ನಾಣ್ಯಗಳನ್ನೇ ಹೊತ್ತೊಯ್ಯಬೇಕಾಯಿತು. ಚಕ್ರವರ್ತಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ಕೋಟೆಯಲ್ಲಿದ್ದ ಕಿರೀಟ, ಶಿಲುಬೆ, ಪೂಜಾಪಾತ್ರೆ, ಹಸ್ತಪ್ರತಿಗಳು ಲೂಟಿಯಾದವು. ಸೆರೆಯಾಗಿ ಹೊರಟ ರಾಣಿ ಕೆಲವೇ ವಾರಗಳಲ್ಲಿ ದಾರಿಯಲ್ಲಿ ತೀರಿಕೊಂಡಳು. ಆಕೆಯ ಬಾಲಕ ಅಲೆಮಾಯೆಹು ಇಂಗ್ಲೆಂಡಿನಲ್ಲಿ ಬೆಳೆದು 1879ರಲ್ಲಿ ಹದಿನೆಂಟನೆಯ ವಯಸ್ಸಿಗೆ ಮಡಿದ. ಅಂದು ಚಕ್ರವರ್ತಿಯ ಶವದಿಂದ ಕತ್ತರಿಸಿ ಒಯ್ದಿದ್ದ ಕೂದಲಿನ ಎಳೆಗಳನ್ನು ಲಂಡನ್ನಿನ ಸೇನಾ ವಸ್ತುಸಂಗ್ರಹಾಲಯ 2019ರಲ್ಲಿ ಇಥಿಯೋಪ್ಯಕ್ಕೆ ಹಿಂದಿರುಗಿಸಿತು. ನಾಣ್ಯದ ಅಂಚಿನಲ್ಲಿ 'ನ್ಯಾಯ ಮತ್ತು ದಯೆ' ಎಂದು ಕೆತ್ತಿತ್ತು. ಅದೇ ನಾಣ್ಯ ಕಾಫಿಯ ಬೆಲೆಯಾಗಿಯೂ ಗುಲಾಮರ ಬೆಲೆಯಾಗಿಯೂ ಕೈಯಿಂದ ಕೈಗೆ ಸಾಗಿತ್ತು. ಅಂಚಿನ ಮೇಲೆ ಬರೆದ ಮಾತು ನಡುವಿನ ವ್ಯವಹಾರವನ್ನು ಕಾಯದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ನಮ್ಮ ಮನೆಯ ಬಾಗಿಲ ಮೇಲಿನ ಶಿಲುಬೆಗೂ ಈ ಮಾತು ಅನ್ವಯಿಸುತ್ತದೆ.

ಹಿಂದೆ ನಾನು ಸೇವೆ ಸಲ್ಲಿಸಿದ ಧರ್ಮಕೇಂದ್ರವೊಂದರಲ್ಲಿ ವಯಸ್ಸಾದ ತಾಯಿಯೊಬ್ಬರಿದ್ದರು. ಅವರ ಪತಿ ಇಥಿಯೋಪ್ಯದ ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸಿದವರು. ಕಳೆದ ಶತಮಾನದ ಉತ್ತರಾರ್ಧದಲ್ಲಿ ನಮ್ಮ ದೇಶದಿಂದ ಹಲವಾರು ಶಿಕ್ಷಕರು ಹಾಗೆ ಅಲ್ಲಿಗೆ ಹೋಗಿದ್ದರು. ಪತಿ ತೀರಿಕೊಂಡ ಮೇಲೆ ಪೆಟ್ಟಿಗೆ ತೆರೆದಾಗ ಅಂಥದೇ ಒಂದು ಬೆಳ್ಳಿಕಡ್ಡಿ ಸಿಕ್ಕಿತು. ಮೊಮ್ಮಗಳ ಕಾಲೇಜಿನ ಶುಲ್ಕ ಕಟ್ಟಬೇಕಿದ್ದ ಸಮಯ. ಮಗ ಅದನ್ನು ಅಂಗಡಿಗೆ ಒಯ್ದು ತೂಗಿಸಿದ. ಒರೆಗೆ ಹಚ್ಚಿದವರು ಮಟ್ಟ ಕಡಿಮೆಯೆಂದರು, ಬೆಸುಗೆಗೆಂದು ಇನ್ನಷ್ಟು ಕಳೆದರು, ಕರಗಿಸಿದರೆ ಇಷ್ಟು ಬರುತ್ತದೆ ಎಂದು ಒಂದು ಅಂಕಿ ಬರೆದುಕೊಟ್ಟರು. ಆ ಚೀಟಿಯನ್ನೂ ಕಡ್ಡಿಯನ್ನೂ ಹಿಡಿದು ತಾಯಿ ನನ್ನ ಬಳಿಗೆ ಬಂದರು.

"ಫಾದರ್, ನಮ್ಮವರು ಇದನ್ನ ಇಷ್ಟು ವರ್ಷ ಬಟ್ಟೇಲಿ ಸುತ್ತಿಟ್ಟಿದ್ದರು. ಇದರ ಬೆಲೆ ಇಷ್ಟೇನಾ?"

ಮಾರಬೇಡಿರೆಂದು ಹೇಳುವುದು ನನಗೆ ಸುಲಭವಾಗಿತ್ತು. ಶುಲ್ಕ ಕಟ್ಟಬೇಕಾದವನು ನಾನಲ್ಲ. ಅಬ್ಬಾ ಅವರ ತಾಯಿ ಮಾರಿದ್ದರಲ್ಲ! ಆ ಎರಡು ಕಡ್ಡಿಗಳು ಮುಡಿಯಲ್ಲಿದ್ದ ದಿನಗಳಿಗಿಂತ ಬಟ್ಟಲಿಗೆ ಬಂದ ಆ ಹನ್ನೊಂದು ದಿನಗಳಲ್ಲಿಯೇ ಹೆಚ್ಚು ಹೊಳೆದವೆಂದು ನಾನು ನಂಬುತ್ತೇನೆ. ಆದ್ದರಿಂದ ಆ ತಾಯಿಗೆ ಎರಡು ಮಾತು ಹೇಳಿದೆ: "ಅಮ್ಮ, ನಿಜವಾಗಿಯೂ ಕಷ್ಟವಿದ್ದರೆ ಸಂಕೋಚವಿಲ್ಲದೆ ಮಾರಿ. ಒಡವೆ ಇರುವುದೇ ಅದಕ್ಕೆ. ಆದರೆ ಏನನ್ನು ಮಾರುತ್ತಿದ್ದೇವೆಂದು ಮನೆಯವರೆಲ್ಲರೂ ಮೊದಲು ತಿಳಿದುಕೊಳ್ಳಿ." ಬಳಿಕ ಮಗನನ್ನೂ ಮೊಮ್ಮಗಳನ್ನೂ ಕರೆಸಿ, ನಾಣ್ಯದ ಕಥೆ, ರವೆಯ ಕಥೆ, ಅಬ್ಬಾ ಅವರ ತಾಯಿಯ ಕಥೆ ಎಲ್ಲವನ್ನೂ ಹೇಳಿದೆ. ಮೊಮ್ಮಗಳು ಕಡ್ಡಿಯನ್ನು ಬೆಳಕಿಗೆ ಹಿಡಿದು ರವೆಗಳನ್ನು ಎಣಿಸತೊಡಗಿದಳು. ಮಗ ಚೀಟಿಯಲ್ಲಿದ್ದ ಅಂಕಿಯನ್ನು ಮತ್ತೊಮ್ಮೆ ನೋಡಿ, "ಇದರಿಂದ ಫೀಜಿನ ಕಾಲುಭಾಗವೂ ಆಗಲ್ಲ, ಬೇರೆ ದಾರಿ ನೋಡೋಣ ಬಿಡಿ ಅಮ್ಮ" ಎಂದ. ಕಷ್ಟ ಇನ್ನೂ ದೊಡ್ಡದಾಗಿದ್ದರೆ, ಬೆಲೆ ಇನ್ನೂ ಹೆಚ್ಚು ಬಂದಿದ್ದರೆ ಅವನ ತೀರ್ಮಾನ ಬೇರೆಯಾಗುತ್ತಿತ್ತು, ಅದೂ ತಪ್ಪಾಗುತ್ತಿರಲಿಲ್ಲ.

2020ರ ನವೆಂಬರಿನಲ್ಲಿ ಟಿಗ್ರಾಯ್ ಸೀಮೆಯಲ್ಲಿ ಯುದ್ಧ ಆರಂಭವಾಯಿತು. 2022ರ ನವೆಂಬರ್ 2ರಂದು ಪ್ರಿಟೋರಿಯದಲ್ಲಿ ಒಪ್ಪಂದವಾಗುವವರೆಗೆ ಅಲ್ಲಿನ ಸ್ತ್ರೀಯರು ಅನುಭವಿಸಿದ್ದನ್ನು ಬರೆಯಲು ಲೇಖನಿ ಹಿಂಜರಿಯುತ್ತದೆ. ಅಬ್ಬಾ ಅವರಿಂದ ಬಹುಕಾಲ ಪತ್ರವಿರಲಿಲ್ಲ. ದೂರವಾಣಿಯ ಸಂಪರ್ಕ ಮರಳಿದ ಮೇಲೆ ಒಂದು ದಿನ ಮಾತನಾಡಿದರು. ಎಷ್ಟು ಮನೆಗಳಲ್ಲಿ ಎಷ್ಟು ತಾಯಂದಿರು ಮತ್ತೆ ಮುಡಿಗೆ ಕೈಹಾಕಬೇಕಾಯಿತೆಂದು ನಾನು ಕೇಳಲಿಲ್ಲ. ಅವರೇ ಹೇಳಿದರು: ತೆಗೆದು ಮಾರಲು ಅನೇಕರ ತಲೆಯಲ್ಲಿ ಈಗ ಬೆಳ್ಳಿಯಿಲ್ಲ, ಪೇಟೆಯಲ್ಲಿ ಸಿಗುವ ಬಿಳಿ ಲೋಹದ ಕಡ್ಡಿಗೆ ಧಾನ್ಯ ಕೊಡುವವರಿಲ್ಲ. ಆದರೂ ಅಶೆಂದಾ ಬಂದಾಗ ಹುಡುಗಿಯರು ತಲೆ ಹೆಣೆಸಿಕೊಳ್ಳುವುದನ್ನು ಬಿಟ್ಟಿಲ್ಲವಂತೆ.

ಪ್ರಿಯ ಓದುಗರೇ, ನಿಮ್ಮ ಮನೆಗಳಲ್ಲಿಯೂ ಅಜ್ಜಿಯ ಜಡೆಬಿಲ್ಲೆಯೋ, ರಾಗಟೆಯೋ, ಮುರಿದ ಕಾಲ್ಗಡಗವೋ ಇರಬಹುದು. ಮದುವೆಯ ಮಾತು ಬಂದೊಡನೆ ಹಳೆಯದನ್ನು ಹಾಕಿ ಹೊಸದನ್ನು ತರುವ ಆತುರ ನಮ್ಮೆಲ್ಲರಲ್ಲಿದೆ. ತಕ್ಕಡಿಗೆ ಇಡುವ ಮುನ್ನ ಅದನ್ನು ಯಾರು ತೊಟ್ಟರು, ಯಾವ ಕಷ್ಟದಲ್ಲಿ ಅಡವಿಟ್ಟು ಬಿಡಿಸಿಕೊಂಡರು ಎಂದು ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಒಮ್ಮೆ ಕೇಳಿ. ಕೊಡುವುದಾದರೂ ಇಡುವುದಾದರೂ ಅವರ ಒಪ್ಪಿಗೆ ಪಡೆಯಿರಿ, ಏಕೆಂದರೆ ಅದು ಅವರದ್ದು. ಹೊಸ ಒಡವೆ ಮಾಡಿಸುವಾಗ ಅಂಗಡಿಯ ಹೆಸರಷ್ಟೇ ಅಲ್ಲದೆ, ಒಳಗೆ ಬೆಂಕಿಯ ಮುಂದೆ ಕುಳಿತವನ ಹೆಸರನ್ನೂ ವಿಚಾರಿಸಿ, ಅವನ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಬೆಚಲೇಲನನ್ನು ಹೆಸರು ಹಿಡಿದು ಕರೆದ ದೇವರಿಗೆ ಅವನ ಹೆಸರೂ ಗೊತ್ತಿದೆ. ಅದು ನಮಗೂ ಗೊತ್ತಿರಲಿ.